ಬಡಗು ಬದಿಯ ನಮ್ಮ ಶಾಸಕರು ಹೇಳಿದ್ದರಲ್ಲಿ ಎಷ್ಟು ಆಯಿತು ಅಂತ ನೋಡುವುದು ಹೇಗೆ?

ಕಾಲುಸಂಕ:

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಮಂಗಳೂರಲ್ಲಿ, ಕೆಲಸವೂ ಇಲ್ಲೇ. ಆದರೆ ವೋಟು ಇರುವುದು ಊರಲ್ಲಿ, ಕಲ್ಯಾಣಪುರ ಸೇತುವೆ ದಾಟಿ ಇನ್ನೂ ಬಡಗಿಗೆ ಹೋಗಬೇಕು. ಕ್ಷೇತ್ರ, ಶಾಸಕರ ಹೆಸರು, ಪಕ್ಷ ಮೂರೂ ಹೇಳುವುದಿಲ್ಲ. ಹೇಳಿದರೆ ಎರಡನೇ ಕಮೆಂಟಿನಿಂದಲೇ ಜಗಳ ಶುರು, ನನ್ನ ಪ್ರಶ್ನೆ ಕೇಳುವವರೇ ಇರುವುದಿಲ್ಲ.

ವಿಷಯ ಎಂತ ಅಂದರೆ, 2025ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಡಿಗೆಮನೆಯ ಕಪಾಟು ಗುಡಿಸುವಾಗ ಡಬ್ಬಿಗಳ ಅಡಿಯಲ್ಲಿ 2023ರ ಚುನಾವಣೆಯ ಕರಪತ್ರ ಸಿಕ್ಕಿತು. ಅಮ್ಮ ಹಾಸಿದ್ದಳು, ಒಳ್ಳೆ ದಪ್ಪ ಕಾಗದ ಅಂತ. ಅರಸಿನದ ಕಲೆ ಬಿಟ್ಟರೆ ಎಲ್ಲ ಓದಲಿಕ್ಕೆ ಆಗುತ್ತದೆ. ಒಳ ಊರುಗಳಿಗೆ ಸರ್ಕಾರಿ ಬಸ್ಸು. ರೇಷನ್‌ನಲ್ಲಿ ಕುಚ್ಚಲಕ್ಕಿ. ಮನೆ ಬಾಗಿಲಿಗೆ ಪಿಂಚಣಿ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿ ಕೂತವರಿಗೆ ಹಕ್ಕುಪತ್ರ. ಬೀಡಿ ಕಟ್ಟುವವರ ಪಿಂಚಣಿ ಜಾಸ್ತಿ. ಅಂಗನವಾಡಿಗೆ ಸ್ವಂತ ಕಟ್ಟಡ. ಒಟ್ಟು ಆರು, ಕೆಳಗೆ ಕೈಮುಗಿದ ಫೋಟೋ.

ಎರಡೂವರೆ ವರ್ಷ ಆಯಿತು, ಅಂದರೆ ಅರ್ಧ ಅವಧಿ ಮುಗಿಯಿತು. ಶಾಸಕರು ಕೆಟ್ಟವರು ಅಂತ ಹೇಳುವುದಿಲ್ಲ, ಮದುವೆಗೆ, ಬೊಜ್ಜಕ್ಕೆ (ಉತ್ತರಕ್ರಿಯೆಗೆ), ಯಕ್ಷಗಾನಕ್ಕೆ ಎಲ್ಲದಕ್ಕೂ ಬರುತ್ತಾರೆ, ಫೋನ್ ಮಾಡಿದರೆ ಎತ್ತುತ್ತಾರೆ ಅಂತಲೂ ಕೇಳಿದ್ದೇನೆ. ಅವರ ಫೇಸ್‌ಬುಕ್ ಪೇಜ್ ಪೂರ್ತಿ ನೋಡಿದೆ, ಗುದ್ದಲಿ ಪೂಜೆ ಬಿಟ್ಟರೆ ಸನ್ಮಾನ, ಸನ್ಮಾನ ಬಿಟ್ಟರೆ ಗುದ್ದಲಿ ಪೂಜೆ. ಈ ಆರರಲ್ಲಿ ಯಾವುದು ಎಲ್ಲಿಗೆ ಬಂದಿದೆ ಅಂತ ಅದರಿಂದ ಗೊತ್ತಾಗುವುದಿಲ್ಲ.

ನನಗೆ ಇದು ತಲೆಗೆ ಹತ್ತಿದ್ದು ಅಮ್ಮನ ಪಿಂಚಣಿಯಿಂದ. ಸಂಧ್ಯಾ ಸುರಕ್ಷಾ, ತಿಂಗಳಿಗೆ 1,200. ಏಳು ತಿಂಗಳಿಂದ ಬಂದಿಲ್ಲ. ಅಮ್ಮ ಕಚೇರಿಗೆ ಮೂರು ಸಲ ಹೋಗಿ ಬಂದಿದ್ದಾಳೆ, ರಿಕ್ಷಾ ಬಾಡಿಗೆಗೇ ಒಂದು ತಿಂಗಳ ಪಿಂಚಣಿ ಹೋಗಿರಬಹುದು. 'ಮೇಲಿಂದ ಬರಬೇಕು' ಅಂತ ಹೇಳಿ ಕಳಿಸುತ್ತಾರಂತೆ. ಮನೆ ಬಾಗಿಲಿಗೆ ಪಿಂಚಣಿ ಅಂತ ಬರೆದ ಕಾಗದದ ಮೇಲೆಯೇ ಅವಳು ಮೆಣಸಿನಪುಡಿ ಡಬ್ಬಿ ಇಟ್ಟಿದ್ದಾಳೆ, ನಗುವುದೋ ಅಳುವುದೋ ಗೊತ್ತಾಗಲಿಲ್ಲ.

ಪ್ರಶ್ನೆ ಇಷ್ಟೇ. ಒಬ್ಬ ಶಾಸಕ ಕೊಟ್ಟ ಮಾತಿನಲ್ಲಿ ಎಷ್ಟು ಮಾಡಿದ್ದಾರೆ ಅಂತ ನಮ್ಮಂಥ ಸಾಮಾನ್ಯರು ನೋಡುವುದು ಎಲ್ಲಿ? ಅದಕ್ಕೆ ಅಂತ ಒಂದು ಲೆಕ್ಕ ಎಲ್ಲಾದರೂ ಇರುತ್ತದಾ?


ಸುಮ್ನೆ ಓದುವವ:

ಕರಪತ್ರ ಡಬ್ಬಿ ಅಡಿಗೆ ಆದರೂ ಉಪಯೋಗ ಆಯಿತಲ್ಲ. ನಮ್ಮ ಮನೆಯದ್ದು ಬಿಸಿನೀರಿನ ಒಲೆಗೆ ಹೋಗಿದೆ. ಬಡಗು ತೆಂಕು ಅಂತ ಉಂಟಾ ಮಾರಾಯ್ರೆ, ವೇಷ ಬೇರೆ, ಪ್ರಸಂಗ ಒಂದೇ.


ನರ್ಮ್ ಬಸ್ ಕಾಯುವವಳು:

ಎಲ್ಲರೂ ಒಂದೇ ಅಂತ ಹೇಳಿ ಮುಗಿಸಿದರೆ ಶಾಸಕರಿಗೇ ಒಳ್ಳೆಯದು ಅಲ್ವಾ, ಯಾರೂ ಲೆಕ್ಕ ಕೇಳುವುದಿಲ್ಲ. ನಾನು ಬಸ್ಸಿನ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ದಿನಾ ಅದರಲ್ಲೇ ಸಾಯುವುದು.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. 2025ರ ಜುಲೈಯಲ್ಲಿ 500 ಕೋಟಿ ಟಿಕೆಟ್ ಆಯಿತು ಅಂತ ಬೆಂಗಳೂರಲ್ಲಿ ಸಂಭ್ರಮ ಮಾಡಿದರು. ಹಾಸನದಲ್ಲಿರುವ ನನ್ನ ಅತ್ತಿಗೆ ಬಸ್ಸಿಗೆ ಒಂದು ರೂಪಾಯಿ ಕೊಡದೆ ಎರಡು ವರ್ಷ ಕಳೆದಳು. ನಾನು ದಿನಾ ದುಡ್ಡು ಕೊಟ್ಟೇ ಹೋಗುತ್ತಿದ್ದೇನೆ. ಕಾರಣ ಎಲ್ಲರಿಗೂ ಗೊತ್ತಿದೆ, ನಮ್ಮ ಎರಡೂ ಜಿಲ್ಲೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಸಿಟಿ ಬಸ್ಸು ಅವರದ್ದು, ಮಂಗಳೂರು ಉಡುಪಿ ಕುಂದಾಪುರ ಎಕ್ಸ್‌ಪ್ರೆಸ್ಸೂ ಹೆಚ್ಚಿನದ್ದು ಅವರದ್ದು. 'ರೈಟ್ ಪೋಯಿ' ಅಂತ ಬೊಬ್ಬೆ ಹೊಡೆದು ಐದು ನಿಮಿಷಕ್ಕೊಂದು ಬರುತ್ತದೆ, ಸೇವೆ ಕೆಟ್ಟದ್ದು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ, ಅದರಲ್ಲೂ ಸಾಮಾನ್ಯ ಬಸ್ಸಿನಲ್ಲಿ. ಬಸ್ಸೇ ಇಲ್ಲದ ಊರಿಗೆ ಉಚಿತ ಟಿಕೆಟ್ ಕೊಟ್ಟು ಎಂತ ಮಾಡುವುದು?

ಹಾಗಾಗಿ 'ಒಳ ಊರುಗಳಿಗೆ ಸರ್ಕಾರಿ ಬಸ್ಸು' ಅನ್ನುವ ಮಾತು ನಮ್ಮ ಕಡೆ ಸಣ್ಣದಲ್ಲ, ಅದು ಬಂದರೆ ಮಾತ್ರ ಹೆಂಗಸರಿಗೆ ಆ ಯೋಜನೆಯೂ ಬಂದ ಹಾಗೆ. ಆದರೆ ಬಸ್ಸು ಹಾಕುವುದು ಶಾಸಕರ ಕೈಯಲ್ಲಿ ಇಲ್ಲ. ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಕೆಎಸ್‌ಆರ್‌ಟಿಸಿ ಅರ್ಜಿ ಹಾಕಿದ ಕೂಡಲೆ ಆ ದಾರಿಯ ಖಾಸಗಿಯವರು ಆಕ್ಷೇಪ ಹಾಕುತ್ತಾರೆ, ಟೈಮಿಂಗ್ ಜಗಳ ಬರುತ್ತದೆ, ಕೆಲವು ಕೋರ್ಟಿಗೂ ಹೋಗುತ್ತವೆ. ಪರ್ಮಿಟ್ ಸಿಕ್ಕಿದರೂ ಬಸ್ಸು ಬೇಕು, ಚಾಲಕರು ನಿರ್ವಾಹಕರು ಬೇಕು. ನಮ್ಮ ರೂಟಿನಲ್ಲಿ ಕೊರೊನಾ ಸಮಯದಲ್ಲಿ ನಿಂತ ನರ್ಮ್ ಬಸ್ಸು (ಸರ್ಕಾರಿ ಸಿಟಿ ಬಸ್ಸು) ಇವತ್ತಿನವರೆಗೆ ವಾಪಸ್ ಬರಲಿಲ್ಲ.

ಆದ್ದರಿಂದ ನೀವು ನೋಡಬೇಕಾದ್ದು ಎರಡು. ಪ್ರಾಧಿಕಾರದ ಸಭೆಯಲ್ಲಿ ನಿಮ್ಮ ಊರಿನ ರೂಟ್ ಬಂದಿತ್ತಾ, ಬಂದಿದ್ದರೆ ಎಂತ ಆಯಿತು. ಇನ್ನೊಂದು, ಹಸಿರು ಬಾವುಟ ತೋರಿಸಿದ ಫೋಟೋ ಇದ್ದರೆ ಅದರ ತಾರೀಕು ಬರೆದಿಟ್ಟುಕೊಳ್ಳಿ, ಆರು ತಿಂಗಳ ಮೇಲೆ ಆ ಬಸ್ಸು ಬರುತ್ತದಾ ಅಂತ ಸ್ಟಾಪಿನ ಅಂಗಡಿಯವರನ್ನು ಕೇಳಿ. ನಮ್ಮ ಕಡೆ ಒಂದು ಬಸ್ಸಿಗೆ ಬಾಳೆಗಿಡ ಕಟ್ಟಿ, ಹೂ ಹಾಕಿ, ತೆಂಗಿನಕಾಯಿ ಒಡೆದು ಶುರು ಮಾಡಿದರು. ಮೂರು ವಾರ ಬಂತು. ನಾಲ್ಕನೇ ವಾರ ಬಸ್ಸೂ ಇಲ್ಲ, ಬಾಳೆಗಿಡವೂ ಇಲ್ಲ.


ಮಾಜಿ ಶಾನುಭಾಗ:

ನಾನು ಕಂದಾಯ ಇಲಾಖೆಯಲ್ಲಿ ಇದ್ದು ನಿವೃತ್ತಿ ಆದವ. ಹೆಸರಿಗೆ ಶಾನುಭಾಗ ಅಂತ ಇಟ್ಟುಕೊಂಡಿದ್ದೇನೆ, ನಮ್ಮ ಕಾಲಕ್ಕೆ ಗ್ರಾಮ ಲೆಕ್ಕಿಗ, ಈಗ ಗ್ರಾಮ ಆಡಳಿತಾಧಿಕಾರಿ ಅನ್ನುತ್ತಾರೆ, ಊರವರಿಗೆ ಮಾತ್ರ ಯಾವತ್ತೂ 'ವಿಎ'.

ಕಾಲುಸಂಕದವರೇ, ನಿಮ್ಮ ಆರು ಸಾಲುಗಳನ್ನು ಮೊದಲು ಬೇರೆ ಬೇರೆ ಮಾಡಿ. ಶಾಸಕರ ಕೈಯಲ್ಲೇ ಇರುವುದು ಯಾವುದು, ರಾಜ್ಯ ಸರ್ಕಾರದ್ದು ಯಾವುದು, ದಿಲ್ಲಿಯದ್ದು ಯಾವುದು. ಬೀಡಿ ಪಿಂಚಣಿ ಪಿಎಫ್‌ನಿಂದ ಬರುವಂಥದ್ದು, ಅದು ಪೂರ್ತಿ ಕೇಂದ್ರದ ವಿಷಯ. ಅದನ್ನು ಶಾಸಕರ ಕರಪತ್ರದಲ್ಲಿ ಹಾಕಿದ್ದೇ ತಪ್ಪು. ಅದಕ್ಕೆ ಅವರಿಗೆ ಸೊನ್ನೆ ಕೊಡುವುದೂ ಸರಿಯಲ್ಲ, ಹಾಕಿದ್ದಕ್ಕೆ ಮಾತ್ರ ಒಂದು ಮಾರ್ಕು ಕಡಿಮೆ ಮಾಡಿ.

ಈಗ ಅವರ ಕೈಯಲ್ಲಿ ಇರುವುದು ನೋಡಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ. ಕೇಳಲಿಕ್ಕೆ ದೊಡ್ಡದು. ಕ್ಷೇತ್ರದಲ್ಲಿ 40 ಪಂಚಾಯತ್ ಅಂತ ಇಟ್ಟುಕೊಳ್ಳಿ, ಒಂದಕ್ಕೆ ವರ್ಷಕ್ಕೆ 5 ಲಕ್ಷ. ಒಂದು ಮಳೆಗಾಲದ ಕಾಂಕ್ರೀಟ್ ರಸ್ತೆಗೇ ಅದು ಸಾಲುವುದಿಲ್ಲ. ಆ ದುಡ್ಡನ್ನು ಯಾರಿಗೂ ಕೈಗೆ ಕೊಡುವ ಹಾಗಿಲ್ಲ, ಪಿಂಚಣಿಗೆ ಬಳಸುವ ಹಾಗಿಲ್ಲ, ಕಟ್ಟಡ, ರಸ್ತೆ, ಸಂಕ, ಇಂಥದ್ದಕ್ಕೆ. ಹಾಗಾಗಿ ಅಂಗನವಾಡಿ ಕಟ್ಟಡ ಅನ್ನುವುದು ನಿಜವಾಗಿ ಅವರು ಮಾಡಬಹುದಾದ ಕೆಲಸ. ಯಾವ ಕಾಮಗಾರಿಗೆ ಎಷ್ಟು ಕೊಟ್ಟರು ಅಂತ ಪಟ್ಟಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಇರುತ್ತದೆ. ಫೇಸ್‌ಬುಕ್ ಬಿಟ್ಟು ಆ ಪಟ್ಟಿ ನೋಡಿ. ದೇವಸ್ಥಾನದ ರಸ್ತೆಗೆ ಎಷ್ಟು, ಅಂಗನವಾಡಿಗೆ ಎಷ್ಟು, ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಹಕ್ಕುಪತ್ರದ ವಿಷಯ ಸ್ವಲ್ಪ ಉದ್ದ. ಜನರು ಎರಡನ್ನು ಒಂದೇ ಅಂತ ತಿಳಿದುಕೊಳ್ಳುತ್ತಾರೆ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡದ್ದಕ್ಕೆ ಭೂಕಂದಾಯ ಕಾಯ್ದೆಯ 94ಸಿ, ಅದು ತಹಶೀಲ್ದಾರರ ಬಳಿ. ಕೃಷಿ ಮಾಡಿಕೊಂಡು ಬಂದದ್ದಕ್ಕೆ ಬಗರ್ ಹುಕುಂ, ನಾವು ಅಕ್ರಮ ಸಕ್ರಮ ಅಂತ ಹೇಳುವುದು, ಅದರ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಅಂದರೆ ಎರಡನೆಯದರಲ್ಲಿ 'ಮೇಲಿಂದ ಬರಬೇಕು' ಅಂತ ಹೇಳುವ ಹಾಗಿಲ್ಲ, ಮೇಲೆ ಕೂತವರು ಅವರೇ. ಸಮಿತಿ ಎರಡೂವರೆ ವರ್ಷದಲ್ಲಿ ಎಷ್ಟು ಸಲ ಸೇರಿತು, ಎಷ್ಟು ಕಡತ ಮುಗಿಯಿತು ಅಂತ ಕೇಳಿ. ನನ್ನ ಅನುಭವದಲ್ಲಿ ಶಾಸಕರ ಬೆಲೆ ಗೊತ್ತಾಗುವುದು ಇಲ್ಲಿ. ಕೆಲವರು ತಿಂಗಳಿಗೊಮ್ಮೆ ಕೂತು ರಾತ್ರಿ ಎಂಟರವರೆಗೆ ಕಡತ ಓದಿಸುತ್ತಿದ್ದರು. ಕೆಲವರು ಸಭೆ ಕರೆದು, ಚಾ ಕುಡಿದು, ಮುಂದಕ್ಕೆ ಹಾಕಿ, ಕಾರು ಹತ್ತುತ್ತಿದ್ದರು.

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ನಮ್ಮ ಕರಾವಳಿಯಲ್ಲಿ ಜಾಗ ಅಂದರೆ ಸುಮ್ನೆ ಅಲ್ಲ. ಕುಮ್ಕಿ ಉಂಟು, ಕಾನ ಬಾಣೆ ಉಂಟು, ಎಲ್ಲ ಕೃಷಿಕರು ಹಿಂದಿನಿಂದ ಬಳಸಿಕೊಂಡು ಬಂದ ಸರ್ಕಾರಿ ಜಾಗ, ಅದರ ಮೇಲೆ ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯ ಅಂತ ಪರಿಗಣಿಸಿದ ಜಾಗ. ಮೂರು ತಲೆಮಾರು ಕೂತ ಮನೆಯ ಸರ್ವೆ ನಂಬರ್ ಅರಣ್ಯದ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡರೆ ಶಾಸಕರೂ ಎಂತ ಮಾಡಲಿಕ್ಕೆ ಆಗುವುದಿಲ್ಲ, ಕಡತ ಕೂತಲ್ಲೇ ಕೂರುತ್ತದೆ.

ತಾಯಿಯ ಪಿಂಚಣಿ ಬಗ್ಗೆ ನನಗೊಂದು ಸಂಶಯ ಇದೆ. ಅವರಿಗೆ ಎಷ್ಟು ಬ್ಯಾಂಕ್ ಖಾತೆ?


ಗಂಜಿ ಊಟ:

ಕುಚ್ಚಲಕ್ಕಿ ನನ್ನ ಮೇಲೆ ಬಿಡಿ. ಗದ್ದೆ ಮಾಡುವವ, ನಾಲ್ಕು ಎಕರೆ, ಕೊಯ್ಲು ಈಗ ಮುಗಿಯಿತು.

ನನಗೆ ನೆನಪಿರುವ ಎಲ್ಲ ಚುನಾವಣೆಯಲ್ಲೂ ಈ ಮಾತು ಬಂದಿದೆ, ಎಲ್ಲ ಪಕ್ಷದವರೂ ಹೇಳಿದ್ದಾರೆ. ಹೇಳಲಿಕ್ಕೆ ಸುಲಭ, ಯಾಕೆಂದರೆ ಇಲ್ಲಿ ಬೇಡ ಅನ್ನುವವರು ಯಾರೂ ಇಲ್ಲ. ರೇಷನ್‌ನಲ್ಲಿ ಬರುವುದು ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ. ಅದು ದೋಸೆಗೆ ಆಗುತ್ತದೆ, ಇಡ್ಲಿಗೆ ಆಗುತ್ತದೆ. ಗಂಜಿಗೆ ಆಗುವುದಿಲ್ಲ, ಹೊಟ್ಟೆಗೆ ನಿಲ್ಲುವುದಿಲ್ಲ. ಕಾರ್ಡಿನಲ್ಲಿ ಐದು ಜನ ಇದ್ದರೆ 2025ರಲ್ಲಿ ತಿಂಗಳಿಗೆ 50 ಕಿಲೋ, ಅಷ್ಟು ದೋಸೆ ಯಾರು ತಿನ್ನುತ್ತಾರೆ? ಉಳಿದದ್ದು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಇತ್ತ ಕುಚ್ಚಲಕ್ಕಿ ಅಂಗಡಿಯಿಂದ ದುಡ್ಡು ಕೊಟ್ಟು ತರುವುದು. 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಬದಲಿಗೆ ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ಖಾತೆಗೆ ಹಾಕುತ್ತಿದ್ದರಲ್ಲ, ನಮ್ಮ ಕಡೆಯವರಿಗೆ ನಿಜ ಹೇಳಬೇಕೆಂದರೆ ಅದೇ ಲಾಭ ಇತ್ತು, ಅದನ್ನು ಕುಚ್ಚಲಕ್ಕಿಗೆ ಹಾಕಬಹುದಿತ್ತು. 2025ರ ಫೆಬ್ರವರಿಯಿಂದ ಪುನಃ ಅಕ್ಕಿಯೇ ಆಯಿತು.

ಯಾಕೆ ಆಗುವುದಿಲ್ಲ ಅಂತ ಯಾರೂ ವೇದಿಕೆಯಲ್ಲಿ ಹೇಳುವುದಿಲ್ಲ. ಇಲ್ಲಿ ಕುಚ್ಚಲಕ್ಕಿಗೆ ಬೇಕಾದ್ದು ಎಂಒ4, ಜಯ, ಜ್ಯೋತಿ, ಅಭಿಲಾಷ್, ಇಂಥ ಭತ್ತ. ಅದನ್ನು ರೇಷನ್‌ಗೆ ಕೊಡಬೇಕಾದರೆ ಸರ್ಕಾರ ಇಲ್ಲಿಯೇ ನಮ್ಮಿಂದ ಖರೀದಿ ಮಾಡಬೇಕು. ನಮ್ಮ ಕೊಯ್ಲು ಅಕ್ಟೋಬರ್‌ನಲ್ಲೇ ಶುರು. ತಮಿಳುನಾಡಿನಿಂದ ಕಟಾವು ಮಿಷನ್ ಬರುತ್ತದೆ, ಗಂಟೆ ಲೆಕ್ಕದ ಬಾಡಿಗೆ, ಭತ್ತ ಗದ್ದೆಯಲ್ಲೇ ಚೀಲಕ್ಕೆ ಬೀಳುತ್ತದೆ, ಹಸಿ. ಖರೀದಿ ಕೇಂದ್ರದಲ್ಲಿ ತೇವಾಂಶ 17ಕ್ಕಿಂತ ಜಾಸ್ತಿ ಇದ್ದರೆ ತೆಗೆದುಕೊಳ್ಳುವುದಿಲ್ಲ. ಒಣಗಿಸಲಿಕ್ಕೆ ಅಂಗಳ ಯಾರಿಗೆ ಉಂಟು ಈಗ, ಎಲ್ಲರೂ ಇಂಟರ್‌ಲಾಕ್ ಹಾಕಿ ಕಾರು ನಿಲ್ಲಿಸಿದ್ದಾರೆ. ಮೇಲಿಂದ ಹಿಂದಿನ ರಾತ್ರಿಯೇ ಒಂದು ಗುಡುಗು ಮಳೆ. ಕೇಂದ್ರ ತೆರೆಯುವುದು ಮತ್ತೆ ಯಾವಾಗಲೋ. ಅಷ್ಟರಲ್ಲಿ ಮಿಲ್ಲಿನವರು ಲಾರಿ ತಂದು ಗದ್ದೆ ಬದುವಿನಿಂದಲೇ ತೆಗೆದುಕೊಂಡು ಹೋಗುತ್ತಾರೆ, ದುಡ್ಡು ಕೈಗೆ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,369. ಬೆಲೆ ಎಷ್ಟಿದ್ದರೂ ನನ್ನ ಹತ್ತಿರ ಆಗ ಭತ್ತ ಇರಬೇಕಲ್ಲ!

ಹಾಗಾಗಿ ನಿಮ್ಮ ಶಾಸಕರನ್ನು 'ಕುಚ್ಚಲಕ್ಕಿ ಎಲ್ಲಿ' ಅಂತ ಕೇಳಬೇಡಿ, ಅದಕ್ಕೆ ಅವರ ಹತ್ತಿರ ಹತ್ತು ಉತ್ತರ ಇರುತ್ತದೆ. ಖರೀದಿ ಕೇಂದ್ರವನ್ನು ಅಕ್ಟೋಬರ್ ಮೊದಲ ವಾರದಲ್ಲಿ ತೆರೆಯಲಿಕ್ಕೆ ಯಾವ ತಿಂಗಳಲ್ಲಿ ಪತ್ರ ಬರೆದಿರಿ ಅಂತ ಕೇಳಿ. ಡ್ರೈಯರ್ ಒಂದಾದರೂ ತರಿಸಿದಿರಾ ಅಂತ ಕೇಳಿ. ನಮ್ಮಲ್ಲಿ ನವೆಂಬರ್‌ನಲ್ಲಿ ಪತ್ರ ಬರೆಯುತ್ತಾರೆ, ಡಿಸೆಂಬರ್‌ನಲ್ಲಿ ಪೇಪರಿನಲ್ಲಿ ಬರುತ್ತದೆ. ಅಷ್ಟರಲ್ಲಿ ನಾವು ಉದ್ದು ಬಿತ್ತಿ ಆಗಿರುತ್ತದೆ.


ಬ್ರಾಂಚ್ ಅಕ್ಕ:

ಶಾನುಭಾಗರು ಬೀಡಿಯದ್ದು ಒಂದು ಸಾಲಿನಲ್ಲಿ ಮುಗಿಸಿಬಿಟ್ಟರು, ಸರಿ ಹೇಳಿದ್ದಾರೆ ಆದರೂ ಬೇಸರ ಆಯಿತು. ನಾನು 31 ವರ್ಷ ಬೀಡಿ ಕಟ್ಟಿದವಳು. ವಾರಕ್ಕೊಮ್ಮೆ ಎಲೆ ತಂಬಾಕು ತಂದು, ಕಟ್ಟಿ, ಬ್ರಾಂಚಿಗೆ (ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಡೆ) ಕೊಟ್ಟು, ಅವರು ಆರಿಸಿ ಬಿಸಾಡಿದ್ದನ್ನು ನೋಡಿ ಸುಮ್ನೆ ಬಂದು, ಎರಡು ಹೆಣ್ಣುಮಕ್ಕಳನ್ನು ಓದಿಸಿದ್ದೇನೆ. ಪಿಎಫ್ ಪಿಂಚಣಿ ಕಡಿಮೆಯಲ್ಲಿ 1,000 ಅಂತ ಕೇಂದ್ರ ಮಾಡಿದ್ದು 2014ರ ಸೆಪ್ಟೆಂಬರ್‌ನಲ್ಲಿ. 2025ರಲ್ಲೂ ಅದೇ 1,000. ಹನ್ನೊಂದು ವರ್ಷದಲ್ಲಿ ಬಂಗುಡೆ ರೇಟು ಎಷ್ಟಾಯಿತು ಅಂತ ನೋಡಿದ್ದೀರಾ?

ಇದು ಶಾಸಕರ ಕೈಯಲ್ಲಿ ಇಲ್ಲ ಅಂತ ನಮಗೂ ಗೊತ್ತು. ನಮಗೆ ಗೊತ್ತಿದೆ ಅಂತ ಅವರಿಗೆ ಗೊತ್ತಿಲ್ಲ, ಅದೇ ಸಮಸ್ಯೆ. ಓಟಿಗೆ ಬಂದಾಗ ನಮ್ಮ ಓಣಿಯಲ್ಲಿ ಹೆಂಗಸರು ಹೆಚ್ಚಾಗಿ ಬೀಡಿಯವರು ಅಂತ ಯಾರೋ ಹೇಳಿರುತ್ತಾರೆ, ಅದಕ್ಕೆ ಆ ಸಾಲು ಸೇರಿಸಿದ್ದು. ಆದರೆ ಅವರ ಕೈಯಲ್ಲಿ ಇರುವಂಥದ್ದೂ ಉಂಟು. ನಮ್ಮಲ್ಲಿ ಬಹಳ ಜನರಿಗೆ ಪಿಎಫ್ ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಹುಟ್ಟಿದ ತಾರೀಕು ಮೂರನೆಯದು. ಮದುವೆಗೆ ಮೊದಲು ಕಟ್ಟಲಿಕ್ಕೆ ಶುರು ಮಾಡಿದವರು ಅಲ್ವಾ. ಅದನ್ನು ಸರಿ ಮಾಡಿಸುವ ಒಂದು ಶಿಬಿರ, ನಮ್ಮ ಪಂಚಾಯತ್ ಹಾಲಿನಲ್ಲಿ, ಎಲ್ಲ ಇಲಾಖೆಯವರನ್ನು ಒಂದು ದಿನ ಕೂರಿಸಿ. ಅದಕ್ಕೆ ಕಾನೂನು ಬೇಡ, ದಿಲ್ಲಿ ಬೇಡ. ಶಾಸಕರು ಒಂದು ಫೋನ್ ಮಾಡಿದರೆ ಆಗುತ್ತದೆ. ನಮ್ಮ ಕಡೆ ಒಬ್ಬರು ಮಾಡಿಸಿದ್ದರು, ಪಕ್ಷ ಯಾವುದು ಅಂತ ನಾನೂ ಹೇಳುವುದಿಲ್ಲ, ಅವರಿಗೆ ನಾನು ಈಗಲೂ ಓಟು ಹಾಕುತ್ತೇನೆ.

ಮತ್ತೆ ಗೃಹಲಕ್ಷ್ಮಿಯ 2,000, ಅದು ಬಂದ ಮೇಲೆ ನಮ್ಮ ಓಣಿಯಲ್ಲಿ ಬ್ರಾಂಚಿನವರ ಹತ್ತಿರ ಮುಂಗಡ ಕೇಳುವುದು ಕಡಿಮೆ ಆಗಿದೆ, ಅದನ್ನೂ ಹೇಳಬೇಕು. ಗಂಡನಿಗೆ ಯಾವಾಗಲೋ ಜಿಎಸ್‌ಟಿ ಇತ್ತು ಅಂತ ಹೆಸರು ಬಿದ್ದುಹೋದವರು ಇಬ್ಬರು ಇದ್ದಾರೆ. ಗೂಡಂಗಡಿ ಮುಚ್ಚಿಯೇ ನಾಲ್ಕು ವರ್ಷ ಆಯಿತು ಪಾಪ.


ನೇರ ಮಾತು:

ಎಲ್ಲರೂ ಶಾಸಕರ ಮೇಲೆ ಬೀಳುತ್ತಿದ್ದೀರಿ. ಅವರು ವಿರೋಧ ಪಕ್ಷದವರಾದರೆ ಅನುದಾನ ಎಲ್ಲಿಂದ ಬರಬೇಕು? ಗ್ಯಾರಂಟಿ ಅನುಷ್ಠಾನ ಸಮಿತಿ ಅಂತ ತಾಲೂಕಿಗೊಂದು ಮಾಡಿದ್ದಾರೆ, ಅಧ್ಯಕ್ಷರು ಆಡಳಿತ ಪಕ್ಷದ ಕಾರ್ಯಕರ್ತರು, ಗೆದ್ದ ಶಾಸಕರು ಬದಿಗೆ. 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲೇ ಅದಕ್ಕೆ ದೊಡ್ಡ ಗಲಾಟೆ ಆಯಿತು. ಕೈ ಕಟ್ಟಿ ಈಜು ಅಂದರೆ ಹೇಗೆ?


ಚುಕ್ಕೆ ಗುರುತು:

ನೇರ ಮಾತಿನವರೇ, ನೀವು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಅನುದಾನ ಸರ್ಕಾರದ ಕೈಯಲ್ಲಿ ಇದೆ, ಒಪ್ಪಿದೆ. ಆದರೆ ಪ್ರಶ್ನೆ ಕೇಳಲಿಕ್ಕೆ ಅನುದಾನ ಬೇಡ. ವಿರೋಧ ಪಕ್ಷದಲ್ಲಿ ಇದ್ದವರಿಗೆ ಅದು ಇನ್ನೂ ಸುಲಭ, ಸ್ವಂತ ಮಂತ್ರಿಗೆ ಮುಜುಗರ ಆಗುತ್ತದೆ ಅನ್ನುವ ಭಯ ಇಲ್ಲ.

ಕಾಲುಸಂಕದವರಿಗೆ: ಲೆಕ್ಕ ಎಲ್ಲಾದರೂ ಇರುತ್ತದಾ ಅಂತ ಕೇಳಿದ್ದೀರಿ. ಒಂದು ತಮಾಷೆ ನೋಡಿ. ಮಂತ್ರಿ ಸದನದಲ್ಲಿ 'ಮಾಡಿಸಿಕೊಡುತ್ತೇನೆ' ಅಂತ ಹೇಳಿದರೆ ಅದನ್ನು ಬೆನ್ನು ಹತ್ತಲಿಕ್ಕೆ ವಿಧಾನಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಅದೇ ಮನುಷ್ಯ ನಿಮ್ಮ ಅಂಗಳದಲ್ಲಿ ನಿಂತು ಹೇಳಿದ್ದನ್ನು ಬೆನ್ನು ಹತ್ತಲಿಕ್ಕೆ ಯಾವ ಸಮಿತಿಯೂ ಇಲ್ಲ. ಇರುವುದು ನಿಮ್ಮ ಅಮ್ಮನ ಡಬ್ಬಿಯ ಅಡಿಯ ಕಾಗದ ಮಾತ್ರ, ಅದನ್ನು ಜೋಪಾನ ಮಾಡಿ.

ಹಾಗಾಗಿ ನಾನು ಮಾಡಿದ್ದು ಹೀಗೆ, ಬೇರೆ ಕ್ಷೇತ್ರದ್ದು. ವಿಧಾನಸಭೆಯ ವೆಬ್‌ಸೈಟಿನಲ್ಲಿ ಶಾಸಕರು ಕೇಳಿದ ಪ್ರಶ್ನೆ, ಅದಕ್ಕೆ ಬಂದ ಉತ್ತರ ಎರಡೂ ಸಿಗುತ್ತದೆ, ಕನ್ನಡದಲ್ಲೇ. ಚುಕ್ಕೆ ಗುರುತಿನದ್ದಕ್ಕೆ ಸದನದಲ್ಲಿ ಬಾಯಿ ಉತ್ತರ, ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ. ನಮ್ಮ ಶಾಸಕರು ಕೇಳಿದ್ದನ್ನೆಲ್ಲ ಒಂದು ಭಾನುವಾರ ಕೂತು ಓದಿದೆ. ನಾನು ತಿಳಿದುಕೊಂಡದ್ದಕ್ಕಿಂತ ಒಳ್ಳೆಯ ಕೆಲಸ ಮಾಡಿದ್ದರು, ಮೀನುಗಾರರ ಬಗ್ಗೆ, ಹಾಸ್ಟೆಲ್ ಬಗ್ಗೆ ಒಳ್ಳೊಳ್ಳೆ ಪ್ರಶ್ನೆ ಇತ್ತು. ಅವರ ಫೇಸ್‌ಬುಕ್ ಹುಡುಗರು ಅದನ್ನು ಒಂದು ಸಲವೂ ಹಾಕಿಲ್ಲ, ರಿಬ್ಬನ್ ಕತ್ತರಿಸಿದ್ದು ಮಾತ್ರ ಹಾಕಿದ್ದಾರೆ. ಆದರೆ ಪಿಂಚಣಿ ಬಗ್ಗೆ ಒಂದೂ ಪ್ರಶ್ನೆ ಇರಲಿಲ್ಲ. ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ಬರುತ್ತದೆ, ಮೊದಲೇ ಹೋಗಿ ನಿಮ್ಮ ಪ್ರಶ್ನೆ ಕೊಡಿ. 'ಇದನ್ನು ಕೇಳಿ ಸರ್' ಅಂತ ಬರೆದೇ ಕೊಡಿ, ಬಾಯಲ್ಲಿ ಹೇಳಿದರೆ ಮರೆಯುತ್ತಾರೆ.

ಉಳಿದದ್ದಕ್ಕೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಅದು ಗೊತ್ತಿಲ್ಲದೆ ನಾನು ಮೊದಲ ಸಲ ಮೂರು ಪುಟ ಬರೆದು ಹಾಕಿದ್ದೆ, ಚಂದದಲ್ಲಿ ವಾಪಸ್ ಬಂತು. 'ಯಾಕೆ ಮಾಡಲಿಲ್ಲ' ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. 'ಬಗರ್ ಹುಕುಂ ಸಮಿತಿ ಸಭೆಗಳ ತಾರೀಕು ಮತ್ತು ನಡಾವಳಿಯ ಪ್ರತಿ ಕೊಡಿ' ಅಂತ ಕೇಳಿ. ತಾಲೂಕಿನ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಸಭೆ, ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೆಯಲ್ಲೇ ಆಗುವುದು, ಅದರದ್ದೂ ಹಾಗೇ ಕೇಳಿ. ಎಲ್ಲ ಇಲಾಖೆಯವರೂ ಅಲ್ಲಿ ಕೂತಿರುತ್ತಾರೆ, ಅಂಗನವಾಡಿ, ಪಿಂಚಣಿ, ರೇಷನ್ ಎಲ್ಲ. ಅಲ್ಲಿ ಶಾಸಕರು ಎಂತ ಕೇಳಿದರು, ಅಧಿಕಾರಿ ಎಂತ ಹೇಳಿದರು, ಮುಂದಿನ ಸಭೆಯಲ್ಲಿ ಪುನಃ ಕೇಳಿದರಾ, ಇಷ್ಟು ಓದಿದರೆ ಸಾಕು.


ನೇರ ಮಾತು:

ಪ್ರಶ್ನೆ ಕೇಳಲಿಕ್ಕೆ ಅನುದಾನ ಬೇಡ ಅನ್ನುವುದು ಸರಿ. ಅದನ್ನು ಒಪ್ಪಿದೆ. ಅಂಗನವಾಡಿ ಮಾತ್ರ ಒಪ್ಪುವುದಿಲ್ಲ, ಜಾಗ ಬಿಟ್ಟುಕೊಡುವವರು ಯಾರೂ ಇಲ್ಲ ಊರಲ್ಲಿ, ಎಲ್ಲರಿಗೂ ಪಕ್ಕದ ಮನೆಯವರ ಜಾಗದಲ್ಲಿ ಆಗಬೇಕು.


ಕಾಲುಸಂಕ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಹತ್ತು ದಿನ ಆಯಿತು, ಇಷ್ಟರವರೆಗೆ ಆದದ್ದು ಹೇಳುತ್ತೇನೆ.

ಪ್ರಶ್ನೆಗಳನ್ನು ಓದಿದೆ. ಬಸ್ಸಿನ ಬಗ್ಗೆ ನಮ್ಮ ಶಾಸಕರು ನಿಜವಾಗಿ ಕೇಳಿದ್ದಾರೆ, ಒಂದಲ್ಲ ಎರಡು ಸಲ, ಊರಿನ ಹೆಸರು ಹೇಳಿ. ಉತ್ತರದಲ್ಲಿ 'ಪರಿಶೀಲನೆಯಲ್ಲಿದೆ' ಅಂತ ಇದೆ. ಅದು ಅವರ ಲೆಕ್ಕಕ್ಕೆ ಹಾಕಬೇಕು ಅಂತ ನನಗೆ ಅನಿಸುತ್ತದೆ, ಬಸ್ಸು ಬಂದಿಲ್ಲದಿದ್ದರೂ. ಕುಚ್ಚಲಕ್ಕಿಯದ್ದು ಏನೂ ಸಿಗಲಿಲ್ಲ. ಬಗರ್ ಹುಕುಂ ಮತ್ತು ಕೆಡಿಪಿಗೆ ಎರಡು ಬೇರೆ ಬೇರೆ ಅರ್ಜಿ ಹಾಕಿದ್ದೇನೆ, 150 ಪದ ಎಣಿಸಿಯೇ ಬರೆದದ್ದು. ಅಂಗನವಾಡಿ ಪಟ್ಟಿಗೆ ಜಿಲ್ಲಾಧಿಕಾರಿ ಕಚೇರಿಗೆ ಮುಂದಿನ ವಾರ ಹೋಗುತ್ತೇನೆ. ಬೀಡಿ ಶಿಬಿರದ ವಿಷಯ ಚಿಕ್ಕಮ್ಮನಿಗೆ ಹೇಳಿದೆ, ಅವಳ ಪುಸ್ತಕದಲ್ಲೂ ಹೆಸರು ತಪ್ಪಿದೆಯಂತೆ, ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಮತ್ತೆ ಶಾನುಭಾಗರೇ, ನಿಮ್ಮ ಸಂಶಯ. ಅಮ್ಮನಿಗೆ ಎರಡು ಖಾತೆ ಇತ್ತು. ಒಂದು ಪಿಂಚಣಿಗೆ. ಇನ್ನೊಂದು ಈ ವರ್ಷದ ಮೊದಲಿಗೆ ಸಂಘದವರು ಸಾಲಕ್ಕೆ ಅಂತ ತೆರೆಸಿದ್ದು, ಅದಕ್ಕೆ ಆಧಾರ್ ಜೋಡಿಸಿದ್ದಾರೆ. ಆಧಾರ್ ಯಾವ ಖಾತೆಗೆ ಕೊನೆಗೆ ಜೋಡಿಸಿದೆಯೋ ಸರ್ಕಾರದ ದುಡ್ಡು ಅಲ್ಲಿಗೆ ಹೋಗುತ್ತದೆ ಅಂತ ಬ್ಯಾಂಕಿನಲ್ಲಿ ಹೇಳಿದರು. ಹೊಸ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಏಳು ತಿಂಗಳದ್ದು 8,400 ಸಾಲಾಗಿ ಕೂತಿತ್ತು. ಕಚೇರಿಯಲ್ಲಿ ಮೂರು ಸಲ ಹೋದಾಗಲೂ ಯಾರೂ ಈ ಒಂದು ಪ್ರಶ್ನೆ ಕೇಳಲಿಲ್ಲ ಅನ್ನುವುದು ಬೇರೆ.

ಇದರ ನಡುವೆ ಅಮ್ಮ ಕಳೆದ ವಾರ ಒಂದು ಮದುವೆಯಲ್ಲಿ ಶಾಸಕರನ್ನು ಹಿಡಿದು ಪಿಂಚಣಿ ಬರಲಿಲ್ಲ ಅಂತ ಹೇಳಿದ್ದಳಂತೆ. ಅವರು 'ನೋಡುವ ಅಮ್ಮ' ಅಂದರಂತೆ. ಎರಡು ದಿನ ಬಿಟ್ಟು ನಾನು ಪಾಸ್‌ಬುಕ್ ತೋರಿಸಿದೆ. ಈಗ ಅವಳು ಊರಿಡೀ ಹೇಳಿಕೊಂಡು ಬರುತ್ತಿದ್ದಾಳೆ, ಏಳು ತಿಂಗಳಿಂದ ಆಗದ್ದು ಶಾಸಕರಿಗೆ ಒಂದು ಮಾತು ಹೇಳಿದ್ದಕ್ಕೆ ಎರಡೇ ದಿನದಲ್ಲಿ ಆಯಿತು ಅಂತ. ಆಧಾರ್, ಖಾತೆ ಅಂತ ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ಕರಪತ್ರವನ್ನು ಡಬ್ಬಿಯ ಅಡಿಯಿಂದ ತೆಗೆದು, ಒರೆಸಿ, ದೇವರ ಕೋಣೆಯ ಕ್ಯಾಲೆಂಡರಿನ ಹಿಂದೆ ಇಟ್ಟಿದ್ದಾಳೆ.


ಮಾಜಿ ಶಾನುಭಾಗ:

ಅಲ್ಲೇ ಇರಲಿ, 2028ಕ್ಕೆ ಬೇಕಾಗುತ್ತದೆ. ಹಳೆ ಖಾತೆಗೆ ಆಧಾರ್ ವಾಪಸ್ ಜೋಡಿಸಲಿಕ್ಕೆ ಹೋಗಬೇಡಿ, ಈಗ ಬರುತ್ತಿರುವ ಕಡೆಗೇ ಬರಲಿ.